ಕೌದಿಯ ಪದರಿನಲ್ಲಿ ಇತಿಹಾಸ

ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಕೊಣ್ಣೂರ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಹೆಸರಲ್ಲ. ಘಟಪ್ರಭೆಯ ಸೀಮೆಯ ಈ ಊರಿನಲ್ಲಿ ರಟ್ಟರ ಕಾಲದ, ಅಂದರೆ 11–12ನೆಯ ಶತಮಾನದ, ಜೈನ ಶಾಸನವಿದೆ. ಅದಕ್ಕೂ ಎಷ್ಟೋ ಹಿಂದಿನ, ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದ ಕಲ್ಲಿನ ಗೋರಿಗಳನ್ನು ಊರಿನ ಆಸುಪಾಸಿನಲ್ಲಿ ಪುರಾತತ್ತ್ವಜ್ಞರು ಗುರುತಿಸಿದ್ದಾರೆ. (ನರಗುಂದದ ಕಡೆಯ ಕೊಣ್ಣೂರು ಬೇರೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನದಿಂದ ಹೆಸರಾದದ್ದು ಅದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಎರಡೂ ಊರುಗಳನ್ನು ಒಂದೇ ಮಾಡಿಬಿಡುವವರುಂಟು.) ಹತ್ತಿರದಲ್ಲೇ ಗೋಕಾಕ ಜಲಪಾತ, ಅದರ ನೀರಿನ ಬಲದಿಂದ ನಡೆದ ನೂಲಿನ ಗಿರಣಿ, ತೂಗುಸೇತುವೆ. ಹೀಗೆ ಕಲ್ಲು, ನೀರು, ಕಬ್ಬಿಣ ಮೂರೂ ಇಲ್ಲಿಯ ಇತಿಹಾಸದಲ್ಲಿ ದಾಖಲಾಗಿವೆ. ದಾಖಲಾಗದೆ ಉಳಿದದ್ದು ಬಟ್ಟೆ.

ಬಟ್ಟೆ ನಮ್ಮ ಹವೆಯಲ್ಲಿ ಬಹುಕಾಲ ಬಾಳುವುದಿಲ್ಲ. ಗೆದ್ದಲು, ತೇವ, ಬಿಸಿಲು ಇವುಗಳ ಜೊತೆಗೆ ಬಡತನವೂ ಸೇರಿದರೆ ಒಂದು ಸೀರೆಯ ಆಯುಷ್ಯ ಎಷ್ಟು? ನೂರು ವರ್ಷಗಳ ಹಿಂದೆ ಈ ಸೀಮೆಯ ಸಾಮಾನ್ಯ ಹೆಣ್ಣುಮಗಳು ಏನು ಉಡುತ್ತಿದ್ದಳು, ಅವಳ ಗಂಡನ ಧೋತರ ಯಾವ ನೂಲಿನದು, ಮಗುವಿನ ಅಂಗಿ ಯಾವ ಬಣ್ಣದ್ದು ಎಂದು ಕೇಳಿದರೆ ಉತ್ತರ ಹೇಳಬಲ್ಲ ವಸ್ತುಗಳು ವಸ್ತು ಸಂಗ್ರಹಾಲಯಗಳಲ್ಲಿ ಬಹಳ ಕಡಿಮೆ. ಅಲ್ಲಿರುವುದು ಹೆಚ್ಚಾಗಿ ಅರಮನೆಯ ಜರಿ, ಮಠ-ಮಂದಿರಗಳ ಪೀತಾಂಬರ. ಸಾಮಾನ್ಯರ ಬಟ್ಟೆ ಉಳಿದಿರುವುದು ಒಂದೇ ಕಡೆ: ಕೌದಿಯಲ್ಲಿ.

ಕೌದಿ ಎಂದರೇನೆಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ. ದಕ್ಷಿಣದ ಓದುಗರಿಗಾಗಿ ಎರಡು ಮಾತು. ಉಟ್ಟು ಹಳೆಯದಾದ ಸೀರೆ, ಧೋತರ, ಕುಪ್ಪಸ, ಅಂಗಿಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸುತ್ತಾರೆ. ಹೊಲಿಗೆ ಬಿಚ್ಚಿ, ಗಟ್ಟಿಯಿರುವ ಭಾಗವನ್ನು ಒಂದೆಡೆಗೂ ಸವೆದು ಜಾಳಾದ ಭಾಗವನ್ನು ಇನ್ನೊಂದೆಡೆಗೂ ಹಾಕುತ್ತಾರೆ. ಕಸುವು ಇರುವ ಒಂದು ಸೀರೆ ಅಡಿಗೆ. ಅದನ್ನು ನೆಲದ ಮೇಲೆ ಹಾಸಿ, ಸುಕ್ಕಾಗದಂತೆ ಮೂಲೆಗಳ ಮೇಲೆ ಕಲ್ಲು ಹೇರಿ, ನಡುವಿನ ಪದರುಗಳಾಗಿ ಚಿಂದಿಗಳನ್ನು ಹರಡುತ್ತಾರೆ. ಮೇಲಿನ ಪದರಿಗೆ ಮಾತ್ರ ಆರಿಸಿದ ತುಂಡುಗಳು: ಇಳಕಲ್ ಸೀರೆಯ ತೋಪು ತೆನೆ ಸೆರಗು, ಗುಳೇದಗುಡ್ಡದ ಖಣದ ಚೂರು, ಮಕ್ಕಳ ಲಂಗದ ಹೂವಿನ ಅಂಚು. ಆಮೇಲೆ ದಪ್ಪ ಸೂಜಿ, ದಪ್ಪ ದಾರ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಕ್ಕೆ ಬರುವ ಸಣ್ಣ ಕುಟ್ಟು ಹೊಲಿಗೆ. ಸಾಲು ಸಾಲಿಗೂ ಒಂದು ಬೆರಳಿನಷ್ಟು ಅಂತರವಿದ್ದರೆ ಗಟ್ಟಿ. ದೂರವಾದರೆ ಒಳಗಿನ ಚಿಂದಿ ಒಂದು ಕಡೆ ಗುಂಪಾಗುತ್ತದೆ.

ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯ ಮಧ್ಯಾಹ್ನಗಳಲ್ಲಿ ನಾಲ್ಕಾರು ಹೆಂಗಸರು ಕೂಡಿ ಕೂತು ಇದನ್ನು ಹೊಲಿಯುತ್ತಿದ್ದರು. ಊರಿಂದೂರಿಗೆ ಹೋಗಿ, ಮನೆಯವರು ಕೊಟ್ಟ ಬಟ್ಟೆಯಲ್ಲಿ ಕೌದಿ ಹೊಲಿದುಕೊಟ್ಟು ಕಾಳುಕಡಿಯನ್ನೋ ಹಣವನ್ನೋ ಪಡೆಯುತ್ತಿದ್ದ ಗೊಂದಲಿಗ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳೂ ಇದ್ದರು. ಮಗಳ ಬಾಣಂತನಕ್ಕೆ ತವರಿನಿಂದ ಕೌದಿ, ಹುಟ್ಟಿದ ಕೂಸಿಗೆ ಖಣದ ತ್ರಿಕೋನ ಚೂರುಗಳನ್ನು ಜೋಡಿಸಿದ ಕುಂಚಿಗೆ, ತೊಟ್ಟಿಲಿಗೆ ಪುಟ್ಟ ಕೌದಿ. ಮಗು ಮೊದಲು ಮುಟ್ಟುವ ಬಟ್ಟೆ ಅಜ್ಜಿಯ ಸೀರೆಯೇ ಆಗಿರುತ್ತಿತ್ತು. ಮರಾಠಿ ನೆರೆಯವರು ಇದನ್ನು ಗೋಧಡಿ ಎನ್ನುತ್ತಾರೆ, ಬಂಗಾಳದವರು ಕಾಂಥಾ ಎನ್ನುತ್ತಾರೆ. ನಮ್ಮ ಹಳೆಯ ಸಾಹಿತ್ಯದಲ್ಲಿ ಜೋಗಿಗಳು ಹೊದೆಯುವ ಕಂಥೆ ಎಂಬ ಮಾತೂ ಇದೇ ಬಳಗದ್ದು.

ಒಂದು ಪ್ರಶ್ನೆ ಇಲ್ಲಿ ಏಳುತ್ತದೆ. ಇದು ಬಡವರ ಉಳಿತಾಯವೇ, ಕಲೆಯೇ?

ಈ ಪ್ರಶ್ನೆಗೆ ಪಾಶ್ಚಾತ್ಯ ಕಲಾ ಇತಿಹಾಸ ಒಂದು ಸ್ವಾರಸ್ಯದ ಉತ್ತರವನ್ನು ಇಟ್ಟುಕೊಂಡಿದೆ. 1912ರಲ್ಲಿ ಪ್ಯಾಬ್ಲೋ ಪಿಕಾಸೋ ಕುರ್ಚಿಯ ಬೆತ್ತದ ಹೆಣಿಗೆಯನ್ನು ಅಚ್ಚು ಹಾಕಿದ ಮೇಣಗಪ್ಪಡದ ತುಂಡನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಹಗ್ಗವನ್ನು ಸುತ್ತಿದ. ಬಣ್ಣದಿಂದ ಮಾತ್ರ ಚಿತ್ರ ಎಂಬ ಕಟ್ಟಳೆ ಅಲ್ಲಿಗೆ ಸಡಿಲವಾಯಿತು. ಮೊದಲ ಮಹಾಯುದ್ಧದ ನಂತರ, 1919ರ ಹೊತ್ತಿಗೆ, ಜರ್ಮನಿಯ ಹಾನೋವರಿನಲ್ಲಿ ಕುರ್ಟ್ ಶ್ವಿಟರ್ಸ್ ಬೀದಿಯಲ್ಲಿ ಬಿದ್ದ ಟಿಕೆಟು, ಕಾಗದ, ಮರದ ಚೂರುಗಳಿಂದ ಕೃತಿಗಳನ್ನು ರಚಿಸತೊಡಗಿದ. ಈ ಬಗೆಯ ಕೆಲಸಕ್ಕೆ ಮಿಶ್ರ ಮಾಧ್ಯಮದ ಕಲೆ ಎಂಬ ಹೆಸರು ರೂಢಿಯಾಯಿತು. ಅಮೆರಿಕದಲ್ಲಂತೂ ಇದು ದೊಡ್ಡ ಪಂಥವೇ ಆಯಿತು. ಹಳೆಯ ಡಬ್ಬಿ, ತಗಡಿನ ಜಾಹೀರಾತು ಫಲಕ, ಸೋಡಾ ಬಾಟಲಿ, ಬಾವುಟದ ತುಂಡು, ಅಜ್ಜಿಯ ಕಾಲದ ಹೊದಿಕೆ ಇಂಥ ಹಿಂದಿನ ಕಾಲದ ಅಮೆರಿಕನ್ ಸಾಮಾನುಗಳನ್ನು ಹುಡುಕಿ ತಂದು ಜೋಡಿಸುವುದು ಅಲ್ಲಿ ಇಂದಿಗೂ ಜನಪ್ರಿಯ.

ಆ ಪಂಥದಲ್ಲಿ ರಾಬರ್ಟ್ ರೌಶನ್‌ಬರ್ಗನ ಹೆಸರು ಮುಖ್ಯ. 1955ರಲ್ಲಿ ಅವನು ಒಂದು ದಿಂಬು, ಒಂದು ಹಾಸುಬಟ್ಟೆ, ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ಒಂದು ಹಳೆಯ ಹೊದಿಕೆ ಇವನ್ನು ಚೌಕಟ್ಟಿಗೆ ಬಿಗಿದು, ಮೇಲೆ ಬಣ್ಣ ಚೆಲ್ಲಿ, ಗೋಡೆಗೆ ನಿಲ್ಲಿಸಿದ. ‘ಹಾಸಿಗೆ’ ಎಂಬುದೇ ಅದರ ಹೆಸರು. ಇಂದು ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಹೆಸರಾಂತ ಕೃತಿಗಳಲ್ಲೊಂದು. ಹೊದಿಕೆ ಅಮೆರಿಕದ ಕೌದಿಯೇ ಎನ್ನಿ. ಮಂಚದ ಮೇಲಿದ್ದಾಗ ಅದು ಮನೆಯ ಸಾಮಾನು, ಗೋಡೆಗೆ ಏರಿದಾಗ ಕಲೆ. ಗೋಡೆಗೆ ಏರಿಸಿದವನ ಹೆಸರು ಪುಸ್ತಕಗಳಲ್ಲಿದೆ. ಆ ತುಂಡುಗಳನ್ನು ಲೆಕ್ಕ ಹಾಕಿ ಜೋಡಿಸಿ ಹೊಲಿದ ಕೈ ಯಾರದು ಎಂದು ಕಲಾ ಇತಿಹಾಸ ವಿಚಾರಿಸಲಿಲ್ಲ. ರೌಶನ್‌ಬರ್ಗನನ್ನು ಹಗುರಗೊಳಿಸುವ ಉದ್ದೇಶ ನನ್ನದಲ್ಲ. ಅವನು 1975ರಲ್ಲಿ ಅಹಮದಾಬಾದಿಗೆ ಬಂದು ಅಲ್ಲಿಯ ಕಾಗದ, ಬಟ್ಟೆ, ಮಣ್ಣು, ಬಿದಿರುಗಳಿಂದ ಕೆಲಸ ಮಾಡಿದವನು. ಹಳೆಯ ವಸ್ತುವಿನ ಮೇಲೆ ಅವನಿಗೆ ನಿಜವಾದ ಪ್ರೀತಿಯಿತ್ತು. ಆದರೆ ಕೊಣ್ಣೂರಿನಂಥ ಊರಿನ ಕೌದಿಯನ್ನು ಇತಿಹಾಸದ ವಸ್ತುವಾಗಿ ನೋಡಬೇಕಾದರೆ ಗೋಡೆಯ ಕಡೆಗಲ್ಲ, ಹೊಲದ ಕಡೆಗೆ ತಿರುಗಬೇಕು. ಅಲ್ಲಿಯೂ ನಮಗೆ ಅಮೆರಿಕವೇ ಎದುರಾಗುತ್ತದೆ ಎಂಬುದು ಆಶ್ಚರ್ಯ.

19ನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಹತ್ತಿಯನ್ನು ನಂಬಿಕೊಂಡಿದ್ದವು. ಆ ಹತ್ತಿಯನ್ನು ಬೆಳೆಯುತ್ತಿದ್ದವರು ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕನ್ ಮೂಲದ ಗುಲಾಮರು. ಒಂದೇ ದೇಶವನ್ನು ನಂಬಿ ಕೂಡುವುದು ಅಪಾಯವೆಂದು ಈಸ್ಟ್ ಇಂಡಿಯಾ ಕಂಪನಿಗೆ ತೋರಿತು. 1840ರಲ್ಲಿ ಕ್ಯಾಪ್ಟನ್ ಬೇಯ್ಲ್ಸ್ ಎಂಬ ಅಧಿಕಾರಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಬೀಜ, ಯಂತ್ರ ಸಮೇತ ಭಾರತಕ್ಕೆ ಕರೆತಂದ. ಬಹಳಷ್ಟು ಕಡೆ ಅವರ ಪ್ರಯೋಗ ನೆಲಕಚ್ಚಿತು. ಗಿಡ ಒಣಗಿತು, ಹುಳ ತಿಂದಿತು, ರೈತ ಬೇಡವೆಂದ. ಊರೂರು ಸುತ್ತಿ ಕೈಸುಟ್ಟುಕೊಂಡ ಈ ಯೋಜನೆಗೆ ನೆಲೆ ಸಿಕ್ಕಿದ್ದು ಧಾರವಾಡ ಸೀಮೆಯ ಕಪ್ಪು ಮಣ್ಣಿನಲ್ಲಿ. ನೈಋತ್ಯ, ಈಶಾನ್ಯ ಎರಡೂ ಮಳೆಗಳ ಪಾಲು ಸಿಗುವ ಆ ಪ್ರದೇಶದಲ್ಲಿ 1842ರಿಂದಾಚೆಗೆ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ನೆಲೆಯೂರಿತು. ವ್ಯಾಪಾರದಲ್ಲಿ ಅದಕ್ಕೆ ‘ಧಾರವಾಡ–ಅಮೆರಿಕನ್’ ಎಂಬ ಹೆಸರು. ನಮ್ಮ ರೈತರು ಕರೆದದ್ದು ವಿಲಾಯತಿ ಹತ್ತಿ ಎಂದು. ತಮ್ಮದು ಜವಾರಿ ಹತ್ತಿ. ಅಮೆರಿಕದಿಂದ ಬಂದದ್ದಕ್ಕೆ ವಿಲಾಯತಿ ಎಂದದ್ದು ತಪ್ಪಲ್ಲವೇ ಎಂದು ಕೇಳಬೇಡಿ. ಸಮುದ್ರದಾಚೆಯದೆಲ್ಲ ಆಗ ವಿಲಾಯತಿಯೇ.

ವಿಲಾಯತಿ ಹತ್ತಿಯ ಜೊತೆಗೆ ಒಂದು ಯಂತ್ರವೂ ಬಂತು. ಜವಾರಿ ಹತ್ತಿಯ ಬೀಜ ಬಿಡಿಸಲು ನಮ್ಮ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯಿಟ್ಟು ಪಾದದಿಂದ ಉರುಳಿಸುತ್ತಿದ್ದರು. ಅಮೆರಿಕನ್ ಹತ್ತಿಯಲ್ಲಿ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ಕಾಲಿನ ಸಲಾಕೆಗೆ ಅದು ಜಗ್ಗಲಿಲ್ಲ. ಎಲಿ ವಿಟ್ನಿ ಎಂಬ ಅಮೆರಿಕನ್ 1794ರಲ್ಲಿ ಹಕ್ಕುಪತ್ರ ಪಡೆದಿದ್ದ ಗರಗಸದ ಹಲ್ಲಿನ ಜಿನ್ ಯಂತ್ರದ ಮಾದರಿಗಳು ಧಾರವಾಡ ಸೀಮೆಗೆ ಬಂದವು. ಅವನ್ನು ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೇ ಇತ್ತು. ಯಂತ್ರ ಬಂದಲ್ಲೆಲ್ಲ ಕಾಲಿನಿಂದ ಹತ್ತಿ ಬಿಡಿಸಿ ಕೂಲಿ ಗಳಿಸುತ್ತಿದ್ದ ಹೆಣ್ಣುಮಕ್ಕಳ ಕೆಲಸಕ್ಕೆ ಪೆಟ್ಟು ಬಿತ್ತು. ಇದನ್ನು ವರದಿಗಳು ಪ್ರಗತಿಯ ಲೆಕ್ಕದಲ್ಲಿ ಬರೆದುಕೊಂಡವು.

1861ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣ ರಾಜ್ಯಗಳ ಬಂದರುಗಳು ಮುಚ್ಚಿದವು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಪರಿಣಾಮ ಧಾರವಾಡ, ಬೆಳಗಾವಿ ಸೀಮೆಯ ಸಂತೆಗಳವರೆಗೆ ತಲುಪಿತು. ಹತ್ತಿಯ ಬೆಲೆ ಏರಿತು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಲುಗಟ್ಟಿದವು. 1865ರಲ್ಲಿ ಯುದ್ಧ ಮುಗಿಯಿತು. ಬೆಲೆ ಕುಸಿಯಿತು, ಸಾಲ ಉಳಿಯಿತು. ಎಲ್ಲೋ ನಡೆದ ಯುದ್ಧಕ್ಕೂ ನಮ್ಮ ಅಡಿಗೆಮನೆಗೂ ಏನು ಸಂಬಂಧ ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಇಷ್ಟು ಹತ್ತಿ ಬೆಳೆಯುವ ನಾಡಿನಲ್ಲೇ ನೂಲು ತೆಗೆದರೆ ಹೇಗೆ? ಈ ವಿಚಾರ ಕೊಣ್ಣೂರಿನ ಪಕ್ಕಕ್ಕೇ ಬಂದು ನಿಂತಿತು. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಸ್ಥಳದಲ್ಲಿ, 1885ರಲ್ಲಿ ಸ್ಥಾಪನೆಯಾದ ಗೋಕಾಕ ಜಲಶಕ್ತಿ ಮತ್ತು ತಯಾರಿಕಾ ಕಂಪನಿ ತನ್ನ ಗಿರಣಿಯನ್ನು ಕಟ್ಟಿತು. 1887ರಲ್ಲಿ ಬೀಳುವ ನೀರು ಗಿರಣಿಗೆ ದುಡಿಯತೊಡಗಿತು. ಕಲ್ಲಿದ್ದಲಿನ ಹೊಗೆಯಿಲ್ಲದೆ ನಡೆದ ಆ ಕಾಲದ ಗಿರಣಿಗಳಲ್ಲಿ ಇದು ಹೆಸರಾದದ್ದು. ನೀರು ನೋಡಲು ಹೋದವರು ತೂಗುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ದಂಡೆಯ ಮೇಲಿನ ಗಿರಣಿಯ ಕಟ್ಟಡದತ್ತ ಕಣ್ಣು ಹೊರಳಿಸುವವರು ಕಡಿಮೆ. ಆದರೆ ಸುತ್ತಲ ಹಳ್ಳಿಗಳ ರೈತನ ಮಗ ಪಾಳಿಯ ಲೆಕ್ಕದಲ್ಲಿ ಏಳುವುದನ್ನು ಕಲಿತದ್ದು, ಸುಗ್ಗಿಗೆ ಬದಲಾಗಿ ಪಗಾರದ ದಿನವನ್ನು ಎಣಿಸತೊಡಗಿದ್ದು ಆ ಗೋಡೆಗಳ ಒಳಗೆ.

ಗಿರಣಿಯ ನೂಲು ಕೈಮಗ್ಗಗಳಿಗೆ ಹೋಯಿತು. ಮುಂಬಯಿ, ಸೊಲ್ಲಾಪುರದ ಗಿರಣಿಗಳ ಬಟ್ಟೆಯೂ ಮ್ಯಾಂಚೆಸ್ಟರಿನ ಬಟ್ಟೆಯೂ ರೈಲಿನಲ್ಲಿ ಬಂದವು. ಬಣ್ಣವೂ ಬದಲಾಯಿತು. ಮಂಜಿಷ್ಠದ ಬೇರಿನಿಂದ ಬರುತ್ತಿದ್ದ ಕೆಂಪನ್ನು ಜರ್ಮನ್ ರಸಾಯನಶಾಸ್ತ್ರಜ್ಞರು 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ ಪುಡಿಬಣ್ಣ ಅಗ್ಗವಾಗಿ ಸಂತೆಗೆ ಬಂದಿತ್ತು. ಆಗಿನ ಕೌದಿಯಲ್ಲಿ ಇವೆಲ್ಲವೂ ಸೇರಿವೆ. ಕೈನೂಲಿನ ಒರಟು ಬಟ್ಟೆ, ಗಿರಣಿ ನೂಲಿನ ಕೈಮಗ್ಗದ ಸೀರೆ, ನುಣುಪಾದ ಪರದೇಶಿ ಬಟ್ಟೆ ಒಂದರ ಮೇಲೊಂದು ಒಂದೇ ದಾರದಲ್ಲಿ ಬಿಗಿಯಲ್ಪಟ್ಟವು.

ಅದರ ಮೇಲೆ ಸ್ವಾತಂತ್ರ್ಯ ಚಳವಳಿಯ ಪದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಇದೇ ಜಿಲ್ಲೆಯ ಹುದಲಿ ಖಾದಿಯ ಕೇಂದ್ರವಾಗಿ ಬೆಳೆಯಿತು. 1937ರಲ್ಲಿ ಗಾಂಧೀಜಿ ಅಲ್ಲಿ ಕೆಲವು ದಿನ ತಂಗಿದ್ದರು. ಯಂತ್ರಗಳನ್ನು ಅನುಮಾನದಿಂದ ನೋಡುತ್ತಿದ್ದ ಅದೇ ಗಾಂಧೀಜಿ ಅದೇ 1924ರಲ್ಲಿ ಒಂದು ಯಂತ್ರಕ್ಕೆ ಮಾತ್ರ ರಿಯಾಯಿತಿ ಕೊಟ್ಟರು. ಅದು ಅಮೆರಿಕದ ಐಸಾಕ್ ಸಿಂಗರ್ 1851ರಲ್ಲಿ ಹಕ್ಕುಪತ್ರ ಪಡೆದ ಹೊಲಿಗೆ ಯಂತ್ರ. ಹೆಂಡತಿಯ ದುಡಿಮೆಯ ಬಳಲಿಕೆಯನ್ನು ಕಂಡು ಅದನ್ನು ರೂಪಿಸಿದನೆಂಬ ಕಥೆಯನ್ನು ಅವರು ಮೆಚ್ಚಿಕೊಂಡಿದ್ದರು. (ಸಿಂಗರನ ಸಂಸಾರದ ನಿಜಕಥೆ ಅಷ್ಟು ಸುಂದರವಾಗಿರಲಿಲ್ಲ. ಅದು ಬೇರೆಯ ಮಾತು.) ಕೌದಿಗೆ ಈ ಯಂತ್ರ ಕೊಟ್ಟದ್ದು ಹೊಲಿಗೆಯನ್ನಲ್ಲ, ಚಿಂದಿಯನ್ನು. ಸಿಂಪಿಗರು ಯಂತ್ರದ ಮುಂದೆ ಕೂತು ಕುಪ್ಪಸ, ಅಂಗಿಗಳನ್ನು ಹೊಲಿಯತೊಡಗಿದಾಗ ಕತ್ತರಿಯ ಬುಡದಲ್ಲಿ ಹೊಸ ಬಟ್ಟೆಯ ಚೂರುಗಳು ಬೀಳತೊಡಗಿದವು. ಕಂಕುಳಿನ ಕಮಾನು, ಕೊರಳಿನ ಅರ್ಧಚಂದ್ರ, ತ್ರಿಕೋನ. ಕೌದಿಯ ಮೇಲ್ಪದರಿನಲ್ಲಿ ಕಾಣುವ ಎಷ್ಟೋ ಆಕಾರಗಳು ಹೀಗೆ ಸಿಂಪಿಗನ ಕತ್ತರಿಯಿಂದ ಬಂದವು, ಹೊಲಿದವಳ ಚಾತುರ್ಯದಿಂದ ಅರಳಿದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೆ ಬರ ಬಂತು. 1943ರಲ್ಲಿ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಿತು. ಆಗ ತೇಪೆಗೂ ತೇಪೆ ಬಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಿದೆಯಲ್ಲ, ಆ ವರ್ಷಗಳಲ್ಲಿ ಹಾಸಿಗೆಯೇ ಚಿಕ್ಕದಾಗಿತ್ತು.

ಬಟ್ಟೆಯಾಚೆಗೂ ಅಮೆರಿಕದ ಹಳೆಯ ಸಾಮಾನು ನಮ್ಮ ಹಳ್ಳಿಗಳಲ್ಲಿ ಮರುಜನ್ಮ ಪಡೆದಿತ್ತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ಸೀಮೆಎಣ್ಣೆ ಬಂದದ್ದು ಮುಖ್ಯವಾಗಿ ಅಮೆರಿಕದಿಂದ, ನಾಲ್ಕು ಗ್ಯಾಲನ್ ಹಿಡಿಯುವ ಚೌಕ ತಗಡಿನ ಡಬ್ಬಿಗಳಲ್ಲಿ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಚಿಮಣಿ ಎಣ್ಣೆ ಎಂದೇ ಹೆಸರಾಯಿತು, ದೀಪದ ಗಾಜಿನ ಚಿಮಣಿಯಿಂದ. ಎಣ್ಣೆ ಉರಿದುಹೋಯಿತು, ಡಬ್ಬಿ ಉಳಿಯಿತು. ಅಡ್ಡಕ್ಕೆ ಕೋಲು ಹಾಕಿದರೆ ನೀರಿನ ಕೊಡ, ಮುಚ್ಚಳ ಹಾಕಿದರೆ ಕಾಳಿನ ಡಬ್ಬಿ, ಬಿಚ್ಚಿ ಬಡಿದರೆ ಮಾಡಿನ ತಗಡು. 1954ರಲ್ಲಿ ಅಮೆರಿಕ ಸಾರ್ವಜನಿಕ ಕಾನೂನು 480 ಎಂಬ ಕಾಯಿದೆ ಮಾಡಿ ತನ್ನ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಕಳಿಸತೊಡಗಿತು. ಭಾರತದೊಂದಿಗೆ 1956ರಲ್ಲಿ ಒಪ್ಪಂದವಾಯಿತು. ನಂತರದ ದಶಕಗಳಲ್ಲಿ ಕೇರ್ ಸಂಸ್ಥೆಯ ಮೂಲಕ ನಮ್ಮ ಶಾಲೆಗಳಿಗೆ ಬಂದ ಗೋಧಿ ನುಚ್ಚಿನ ಉಪ್ಪಿಟ್ಟನ್ನು, ಹಾಲಿನ ಪುಡಿಯನ್ನು ಈಗ ಅಜ್ಜ-ಅಜ್ಜಿಯರಾದವರನ್ನು ಕೇಳಿ ನೋಡಿ. ಕೈಕುಲುಕುವ ಎರಡು ಕೈಗಳ ಗುರುತಿನ ಆ ಚೀಲ, ಡಬ್ಬಿಗಳು ಖಾಲಿಯಾದ ಮೇಲೂ ಬಹಳ ವರ್ಷ ದುಡಿದವು.

ಇದೇ ಹೊತ್ತಿಗೆ ಅಮೆರಿಕದಲ್ಲೂ ಚೀಲದ ಕಥೆ ನಡೆದಿತ್ತು ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿಯ ರೈತ ಮಹಿಳೆಯರು ಹಿಟ್ಟು, ಕೋಳಿಕಾಳುಗಳ ಹತ್ತಿ ಚೀಲಗಳನ್ನು ಬಿಚ್ಚಿ ಮಕ್ಕಳಿಗೆ ಅಂಗಿ, ಹಾಸಿಗೆಗೆ ಹೊದಿಕೆ ಹೊಲಿಯುತ್ತಿದ್ದರು. ಇದನ್ನು ಕಂಡ ಕಂಪನಿಗಳು ಚೀಲಗಳ ಮೇಲೆ ಹೂವು, ಚುಕ್ಕೆ, ಪಟ್ಟೆಗಳನ್ನು ಅಚ್ಚು ಹಾಕತೊಡಗಿದವು. ಗಂಡ ದನದ ಮೇವು ತರಲು ಹೊರಟರೆ ಯಾವ ಹೂವಿನ ಚೀಲ ತರಬೇಕೆಂದು ಹೆಂಡತಿ ಹೇಳಿ ಕಳಿಸುವಂತಾಯಿತು. ಇಂದು ಅಲ್ಲಿ ಹಳೆಯ ವಸ್ತುಗಳ ಅಂಗಡಿಗಳಲ್ಲಿ ಆ ಚೀಲಗಳನ್ನು ಬೆಲೆ ಕೊಟ್ಟು ಕೊಳ್ಳುವ ಸಂಗ್ರಾಹಕರಿದ್ದಾರೆ.

ಅಲಬಾಮಾ ರಾಜ್ಯದಲ್ಲಿ ಒಂದು ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಸಣ್ಣ ಊರಿದೆ. ಹಿಂದೆ ಅದು ಹತ್ತಿಯ ತೋಟ. ಈಗ ಅಲ್ಲಿರುವವರು ಬಹುಮಟ್ಟಿಗೆ ಆ ತೋಟದ ಗುಲಾಮರ ವಂಶಸ್ಥರು. ಅಲ್ಲಿಯ ಹೆಂಗಸರು ಹೊಲದಲ್ಲಿ ದುಡಿದು ಮೊಣಕಾಲು ಸವೆದ ಪ್ಯಾಂಟು, ಬಣ್ಣ ಹೋದ ಅಂಗಿ, ಚೀಲದ ಬಟ್ಟೆಗಳಿಂದ ಹೊದಿಕೆಗಳನ್ನು ಹೊಲಿಯುತ್ತಿದ್ದರು. ಗೋಡೆಯ ಬಿರುಕಿನಿಂದ ಬರುವ ಚಳಿಗೆ ತಡೆಯಾಗಿ ಮೊದಲು, ಅಂದಕ್ಕಾಗಿ ಆಮೇಲೆ. 1966ರಲ್ಲಿ, ನಾಗರಿಕ ಹಕ್ಕುಗಳ ಹೋರಾಟದ ದಿನಗಳಲ್ಲಿ, ಆ ಭಾಗದ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡರು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲೂ ಅನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲೂ ಅವರ ಹೊದಿಕೆಗಳು ಪ್ರದರ್ಶನಗೊಂಡವು, ಹೊಲಿದವರ ಹೆಸರುಗಳ ಸಮೇತ. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿತು. ರೌಶನ್‌ಬರ್ಗನ ‘ಹಾಸಿಗೆ’ಗೂ ಈ ಹೆಸರುಗಳಿಗೂ ನಡುವೆ 47 ವರ್ಷ.

ಧಾರವಾಡ ಸೀಮೆಗೆ ಬೀಜ ಬಂದದ್ದು ಇಂಥ ಗುಲಾಮರು ದುಡಿಯುತ್ತಿದ್ದ ದಕ್ಷಿಣ ರಾಜ್ಯಗಳ ನಾಡಿನಿಂದ. ಆಫ್ರಿಕದಿಂದ ಇನ್ನೊಂದು ದಾರಿಯಲ್ಲಿ, ಪೋರ್ಚುಗೀಸರ ಗೋವೆಯ ಮೂಲಕ, ಬಲವಂತವಾಗಿ ತರಲ್ಪಟ್ಟವರ ಸಂತತಿ ನಮ್ಮಲ್ಲೂ ಇದೆ. ಸಿದ್ದಿಗಳು ಇರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಮಾತ್ರವಲ್ಲ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲೂ. ಅವರ ಹೆಂಗಸರು ಹೊಲಿಯುವ ಕೌದಿ, ಅಂಚಿನಿಂದ ಹೊರಟು ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕೂ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಪುಟ್ಟ ತ್ರಿಕೋನಗಳಿರುತ್ತವೆ. ಅವಕ್ಕೆ ‘ಫುಲ’, ಅಂದರೆ ಹೂವು ಎಂದು ಹೆಸರು. ಬಳಕೆಗೆ ಅದರಿಂದ ಏನೂ ಪ್ರಯೋಜನವಿಲ್ಲ, ಅದು ಚಳಿಯನ್ನು ತಡೆಯುವುದಿಲ್ಲ. ಆದರೂ ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯದು. ಉಳಿತಾಯವೋ ಕಲೆಯೋ ಎಂದು ಹಿಂದೆ ಕೇಳಿದೆನಲ್ಲ, ನನ್ನ ಮಟ್ಟಿಗೆ ಉತ್ತರ ಆ ಮೂಲೆಯ ಹೂವಿನಲ್ಲಿದೆ. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಷೋಮ್‌ಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು.

ಹಲವು ವಸ್ತುಗಳನ್ನು ಕೂಡಿಸಿ ಮಾಡುವ ಕಲೆಗೆ ಕೌದಿಯೊಂದೇ ಉದಾಹರಣೆಯಲ್ಲ. ಹಗುರ ಮರದ ಬೊಂಬೆಗಳಿಗೆ, ಹಣ್ಣು-ಕಾಯಿಗಳ ಮಾದರಿಗಳಿಗೆ ಗೋಕಾಕ ಹೆಸರಾದ ಊರು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಳೆಯ ಗೋಣಿತಟ್ಟಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟಿನೊಂದಿಗೆ ಕಲಸಿ ‘ಕಿಟ್ಟ’ ಎಂಬ ಮಿಶ್ರಣ ಮಾಡಿ ಮೂರ್ತಿಗಳ ಸಂದುಗಳನ್ನು ಜೋಡಿಸುತ್ತಾರೆ. ಬಣ್ಣ ಬಳಿದು ಮುಗಿದ ಗರುಡನ ಮೈಯಲ್ಲಿ ಹರಿದ ಗೋಣಿಚೀಲವಿದೆಯೆಂದು ಯಾರಿಗೆ ತಿಳಿದೀತು? ಕೌದಿಯಲ್ಲಾದರೋ ಚಿಂದಿ ತನ್ನ ಗುರುತನ್ನು ಬಿಟ್ಟುಕೊಡುವುದಿಲ್ಲ. ಅದರಿಂದಲೇ ಅದು ಇತಿಹಾಸಕ್ಕೆ ಆಧಾರವಾಗುತ್ತದೆ.

ಆದರೆ ಈ ಆಧಾರ ಈಗ ನಮ್ಮ ಕಣ್ಣೆದುರಿಗೇ ಕಡಿಮೆಯಾಗುತ್ತಿದೆ. 1960ರ ದಶಕದಿಂದಾಚೆಗೆ ನೈಲಾನ್, ಟೆರಿಲಿನ್, ಪಾಲಿಯೆಸ್ಟರ್ ಸೀರೆಗಳು ಬಂದವು. ಅವು ಬೇಗ ಹರಿಯುವುದಿಲ್ಲ, ಹರಿದರೂ ಕೌದಿಗೆ ಒಗ್ಗುವುದಿಲ್ಲ. ಜಾರುತ್ತವೆ, ಬೆವರು ಹೀರುವುದಿಲ್ಲ. ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರದವರು ಬಾಗಿಲಿಗೆ ಬಂದ ಮೇಲೆ ಅಜ್ಜಿಯ ಸೀರೆ ಲೋಟವಾಯಿತು, ಡಬ್ಬಿಯಾಯಿತು. ಅಗ್ಗದ ನಯವಾದ ಬ್ಲಾಂಕೆಟ್ಟುಗಳು ಸಂತೆಯಲ್ಲಿ ರಾಶಿ ಬಿದ್ದಿರುವಾಗ ಹತ್ತು ದಿನ ಕೂತು ಹೊಲಿಯುವವರು ಯಾರು? ಪೇಟೆಯಲ್ಲಿ ಮಾರುವುದಕ್ಕಾಗಿ ಹೊಸ ಬಟ್ಟೆಯನ್ನೇ ಕತ್ತರಿಸಿ ಕೌದಿ ಹೊಲಿಸುವುದೂ ಈಗ ಉಂಟು. ಅದು ಹೆಣ್ಣುಮಕ್ಕಳಿಗೆ ಸಂಪಾದನೆ ಕೊಡುವುದಾದರೆ ಒಳ್ಳೆಯದೇ. ಇತಿಹಾಸದ ದೃಷ್ಟಿಯಿಂದ ಮಾತ್ರ ಆ ಕೌದಿ ಮೌನಿ. ಯಾರೂ ಉಡದ ಬಟ್ಟೆಗೆ ಹೇಳಲು ಏನಿರುತ್ತದೆ?

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಹಳೆಯ ಕೌದಿಯಿದ್ದರೆ ಅದನ್ನು ಬಿಸಿಲಿನಲ್ಲಿ ಹಾಸಿ ನೋಡಿ. ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಯಾವ ತುಂಡು ಯಾರದೆಂದು ಅವರು ಹೇಳತೊಡಗಿದರೆ ಬರೆದುಕೊಳ್ಳಲು ಕಾಗದ ಸಾಲದು. ಯಾವುದು ಮದುವೆಯ ಸೀರೆ, ಯಾವುದು ಗಿರಣಿಗೆ ಹೋಗುತ್ತಿದ್ದ ಮಾವನ ಅಂಗಿ, ಯಾವ ಖಣ ಯಾವ ಜಾತ್ರೆಯದು ಎಂಬುದನ್ನು ಹೊಲಿದವರ ಹೆಸರಿನೊಂದಿಗೆ ಗುರುತು ಮಾಡಿ. ಬಟ್ಟೆಯ ನೇಯ್ಗೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೈನೂಲು ಯಾವುದು, ಗಿರಣಿಯ ನೂಲು ಯಾವುದು ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಕೈನೂಲು ಒಂದೆಡೆ ದಪ್ಪ ಒಂದೆಡೆ ತೆಳು, ಗಿರಣಿಯದು ಉದ್ದಕ್ಕೂ ಒಂದೇ ಸಮ. ಹೊಲಿಗೆಯನ್ನು ಮಾತ್ರ ಬಿಚ್ಚಬೇಡಿ. ಎಲ್ಲಿಯಾದರೂ ಮೇಲ್ಪದರು ತಾನೇ ಹರಿದಿದ್ದರೆ ಆ ಕಿಂಡಿಯಲ್ಲಿ ಒಳಗೆ ಇಣುಕಿ. ಹಾಸಿ ಹೊದ್ದು ಸವೆದುಹೋದ ಕೌದಿಯನ್ನು ನಮ್ಮ ಹೆಂಗಸರು ಎಸೆಯುತ್ತಿರಲಿಲ್ಲ. ಅದನ್ನೇ ನಡುವಿನ ಪದರಾಗಿ ಹಾಕಿ, ಮೇಲೆ ಕೆಳಗೆ ಬೇರೆ ಸೀರೆ ಹಚ್ಚಿ ಮತ್ತೆ ಹೊಲಿಯುತ್ತಿದ್ದರು. ಹಾಗಾಗಿ ಆ ಕಿಂಡಿಯಲ್ಲಿ ನಿಮಗೆ ಕಾಣುವುದು ಬಿಡಿ ಚಿಂದಿಯಾಗಿರದೆ ಇನ್ನೊಂದು ಪೂರ್ತಿ ಕೌದಿಯೇ ಆಗಿರಬಹುದು, ಅದರ ತೇಪೆ, ಅದರ ಅಂಚು, ನಿಮ್ಮ ಮುತ್ತಜ್ಜಿಯ ಕಾಲದ ಹೊಲಿಗೆ ಸಮೇತ.